ಆನಿ ಬಾಯಿಯ ಸ್ವರ

ನಮ್ಮ ಕಂಪೌಂಡಿನ ಆನಿ ಬಾಯಿ ಇಪ್ಪತ್ತನಾಲ್ಕನೇ ವಯಸ್ಸಿಗೇ ಮುದುಕಿಯಾದವರು. ಬೆಳಿಗ್ಗೆ ಮಗುವಿಗೆ ಹಾಲು ಕುಡಿಸಿ ಮನೆ ಬಿಟ್ಟರೆ, ಶೂಟಿಂಗಿನ ಜಾಗದಲ್ಲಿ ತಲೆಗೆ ಬಿಳಿ ಪೌಡರ್ ಬಳಿಸಿಕೊಂಡು, ಕೆನ್ನೆಗೆ ಪೆನ್ಸಿಲಿನಲ್ಲಿ ಸುಕ್ಕು ಎಳೆಸಿಕೊಂಡು ಕೂರುತ್ತಿದ್ದರು. ಆಮೇಲೆ ಅವರಿಗಿಂತ ಎಷ್ಟೋ ವರ್ಷ ದೊಡ್ಡವನಾದ ಗಂಡಸೊಬ್ಬ ಬಂದು "ಅಪ್ಪೆ" ಎಂದು ಕಾಲಿಗೆ ಬೀಳುತ್ತಿದ್ದ. ಅಪ್ಪೆ ಎಂದರೆ ತುಳುವಿನಲ್ಲಿ ತಾಯಿ. ತುಳು ಸಿನಿಮಾ ಇನ್ನೂ ಅಂಬೆಗಾಲಿಡುತ್ತಿದ್ದ ಎಪ್ಪತ್ತರ ದಶಕದಲ್ಲಿ ಆನಿ ಬಾಯಿ ಏಳು ಚಿತ್ರಗಳಲ್ಲಿ ತಾಯಿಯಾದರು. ಚಿತ್ರಗಳ ಹೆಸರನ್ನು ನಾನು ಬರೆಯುವುದಿಲ್ಲ. ದುಡ್ಡು ಹಾಕಿದವರ ಮೊಮ್ಮಕ್ಕಳು ಊರ ತುಂಬ ಇದ್ದಾರೆ, ಅವರೆಲ್ಲರ ಕೈಯಲ್ಲಿ ಮೊಬೈಲ್ ಇದೆ, ನನಗೆ ಜಗಳಕ್ಕೆ ಪುರಸೊತ್ತಿಲ್ಲ.

ನಾನು ಆರಿಫಾ. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದವಳು, ಈಗ ನಿವೃತ್ತಳು. ಬಲ್ಮಠದಿಂದ ಇಳಿಯುವ ಓಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಸೊಂಟದೆತ್ತರದ ಕೆಂಪುಕಲ್ಲಿನ ಗೋಡೆ. ಆನಿ ಬಾಯಿಯ ಕತೆಯೆಲ್ಲ ನನಗೆ ಸಿಕ್ಕಿದ್ದು ಆ ಗೋಡೆಯ ಮೇಲಿಂದಲೇ, ಅವರಿಗೆ ಸ್ವರ ಇದ್ದ ಕಾಲದಲ್ಲಿ.

ಈಗ ಅವರಿಗೆ ಸ್ವರ ಇಲ್ಲ. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಉಸಿರಾಡಲು ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೆ ಕ್ರೋಷಾದಲ್ಲಿ ಹೆಣೆದ ಬಿಳಿ ಬಟ್ಟೆ. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರ ಒಂದನ್ನು ಮಗ ತರಿಸಿಕೊಟ್ಟಿದ್ದ. ಒಂದು ವಾರ ಪ್ರಯತ್ನ ಮಾಡಿದರು. ಮಿಕ್ಸಿ ತಿರುಗಿದ ಹಾಗೆ ಕೇಳುತ್ತದೆ ಎಂದು ಕಪಾಟಿಗೆ ಹಾಕಿದರು. ಈಗ ಅವರು ತುಟಿ ಆಡಿಸುತ್ತಾರೆ, ನಾವು ನೋಡಿ ತಿಳಿದುಕೊಳ್ಳುತ್ತೇವೆ. ಮೊಮ್ಮಗಳು ಆಂಡ್ರಿಯಾ ಹುಟ್ಟಿದ್ದೇ ಆಪರೇಷನ್ ಆದ ಮೇಲಿನ ವರ್ಷ. ಶಾಮಾಯ್‌ನ, ಅಂದರೆ ಅಜ್ಜಿಯ, ಸ್ವರ ಹೇಗಿತ್ತೆಂದು ಆ ಹುಡುಗಿಗೆ ಗೊತ್ತೇ ಇಲ್ಲ.

ನನಗೆ ಗೊತ್ತು. ದಪ್ಪ ಸ್ವರ, ಸ್ವಲ್ಪ ಒರಟು, ಪ್ರತಿ ಮಾತಿನ ಕೊನೆ ಮೇಲಕ್ಕೆ ಹೋಗುತ್ತಿತ್ತು. ಯಾವ ಕೆಲಸ ಮುಗಿದರೂ, ಬಟ್ಟೆ ಒಗೆದಾಗಲಿ, ಅಡುಗೆ ಇಳಿಸಿಯಾಗಲಿ, ಮೆಟ್ಟಿಲ ಮೇಲೆ ಧೊಪ್ಪೆಂದು ಕೂತು ಕೊಂಕಣಿಯಲ್ಲಿ "ದೆವಾ ಮ್ಹಜ್ಯಾ, ಪುರೊ ಜಾಲೆಂ" ಎನ್ನುತ್ತಿದ್ದರು. ನನ್ನ ದೇವರೇ, ಸಾಕಾಯಿತು ಎಂದು ಅರ್ಥ. ನಮ್ಮ ಮನೆಯ ಅಡುಗೆಕೋಣೆಯವರೆಗೂ ಕೇಳುತ್ತಿತ್ತು. ಆದರೆ ಗೊತ್ತಿದ್ದರೇನು ಬಂತು? ಸ್ವರವನ್ನು ಇನ್ನೊಬ್ಬರಿಗೆ ವಿವರಿಸಲು ಆಗುವುದಿಲ್ಲ. ಮೂವತ್ತು ವರ್ಷ ಭಾಷೆ ಕಲಿಸಿದವಳು ಹೇಳುತ್ತಿದ್ದೇನೆ.

ಆನಿ ಬಾಯಿ ನಟಿಯಾದದ್ದು ಚರ್ಚಿನ ವಾರ್ಷಿಕೋತ್ಸವದ ಕೊಂಕಣಿ ನಾಟಕದಿಂದ. ಆ ಕಾಲದಲ್ಲಿ ತುಳು ಚಿತ್ರಕ್ಕೆ ನಾಯಕಿಯನ್ನು ಮದ್ರಾಸಿನಿಂದ ತರುತ್ತಿದ್ದರು. ತಾಯಿಯನ್ನು ಮದ್ರಾಸಿನಿಂದ ತರಲು ಆಗುವುದಿಲ್ಲ, ತಾಯಿ ಊರಿನವಳ ಹಾಗೆ ಕಾಣಬೇಕು. ಮರ್ಯಾದಸ್ತರ ಮನೆಯ ಹೆಂಗಸರು ಕ್ಯಾಮೆರಾ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಾಗಾಗಿ ಆನಿ ಬಾಯಿಗೆ ಕರೆ ಬಂತು. ಗಂಡ ಪೌಲ್ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ, ಸಾಧು ಮನುಷ್ಯ, ಹೋಗು ಎಂದ. ಅತ್ತೆ ಮಾತ್ರ ಸಂಜೆ ಬಾಗಿಲಲ್ಲೇ ನಿಂತಿರುತ್ತಿದ್ದರಂತೆ, ಸೊಸೆಯ ಹಣೆಯಲ್ಲಿ ಕುಂಕುಮದ ಕೆಂಪು ಉಳಿದಿದೆಯೋ ಎಂದು ಬೆರಳಿನಿಂದ ತಿಕ್ಕಿ ನೋಡಲು. "ತಿಕ್ಕಿ ತಿಕ್ಕಿಯೇ ಕೆಂಪು ಆಗ್ತಿತ್ತು ಟೀಚರ್, ಮತ್ತೆ ಅದಕ್ಕೂ ಬೈಗುಳ" ಎಂದು ಆನಿ ಬಾಯಿ ನಗುತ್ತಿದ್ದರು.

ಕೆಲಸವನ್ನು ಅವರು ಯಾರಿಂದಲೂ ಕಲಿಯಲಿಲ್ಲ. ಕದ್ರಿ ದೇವಸ್ಥಾನದ ಮೆಟ್ಟಿಲ ಹತ್ತಿರ ನಿಂತು ಮುದುಕಿಯರು ಹೇಗೆ ಮೊಣಕಾಲಿಗೆ ಕೈಕೊಟ್ಟು ಏಳುತ್ತಾರೆಂದು ನೋಡಿದರು. ಮೀನು ಮಾರುಕಟ್ಟೆಯಲ್ಲಿ ಸಿಟ್ಟು ಬಂದ ಹೆಂಗಸು ಸೆರಗನ್ನು ಹೇಗೆ ಸೊಂಟಕ್ಕೆ ಸಿಕ್ಕಿಸುತ್ತಾಳೆಂದು ನೋಡಿದರು. ಮೊದಲ ಚಿತ್ರದಲ್ಲಿ, ಓಡಿಹೋದ ಮಗ ವರ್ಷಗಳ ನಂತರ ಬಂದು ಜಗಲಿಯಲ್ಲಿ ನಿಲ್ಲುತ್ತಾನೆ. ತಾಯಿ ಅಳುವುದಿಲ್ಲ, ಬೈಯುವುದಿಲ್ಲ. ಮಣೆ ಹಾಕಿ, ಮಣೆಯ ಧೂಳನ್ನು ಸೆರಗಿನಿಂದ ಒರೆಸಿ, "ಬಲ ಮಗಾ, ಒಣಸ್ ಮಲ್ಪುಗ" ಎನ್ನುತ್ತಾಳೆ. ಬಾ ಮಗ, ಊಟ ಮಾಡುವ. ಅಷ್ಟೇ. ಟಾಕೀಸಿನಲ್ಲಿ ಗಂಡಸರೂ ಮೂಗು ಒರೆಸಿಕೊಂಡರು.

ಟಾಕೀಸಿನ ಆ ದಿನವೇ ಆನಿ ಬಾಯಿಯ ಎದೆಗೆ ಮುಳ್ಳು ಚುಚ್ಚಿದ್ದು. ಗಂಡ, ಅತ್ತೆ, ಅರ್ಧ ಓಣಿ, ಎಲ್ಲರನ್ನೂ ಕಟ್ಟಿಕೊಂಡು ಹೋಗಿದ್ದರು. ಪರದೆಯ ಮೇಲೆ ತನ್ನ ಮುಖ ಬಂತು, ಬಾಯಿ ತೆರೆಯಿತು, ಹೊರಗೆ ಬಂದದ್ದು ಬೇರೆ ಯಾರದೋ ಸ್ವರ. ಮೆತ್ತನೆಯ, ತುಂಬಿದ, ಚೂರೂ ಕೊಂಕಣಿಯ ವಾಸನೆ ಇಲ್ಲದ ತುಳು. ಆನಿ ಬಾಯಿಯ ತುಳುವಿಗೆ ಜನ ನಗುತ್ತಾರೆಂದು ನಿರ್ದೇಶಕರು ಮದ್ರಾಸಿನಲ್ಲಿ ಬೇರೆಯವರಿಂದ ಡಬ್ಬಿಂಗ್ ಮಾಡಿಸಿದ್ದರು. ಆನಿ ಬಾಯಿಗೆ ಒಂದು ಮಾತೂ ಹೇಳಿರಲಿಲ್ಲ. ಹೊರಗೆ ಬಂದಾಗ ಜನ ಮುತ್ತಿಕೊಂಡರು. "ಎಂತ ಸ್ವರ ಬಾಯಮ್ಮ ನಿಮ್ಮದು!" ಆನಿ ಬಾಯಿ ತಲೆಯಾಡಿಸಿದರು. ಅಲ್ಲ ಎನ್ನಲು ಅಲ್ಲಿ ಬಾಯಿ ಬರಲಿಲ್ಲ, ಆಮೇಲೆ ಹೇಳುವ ಸಂದರ್ಭವೂ ಬರಲಿಲ್ಲ. ಏಳು ಚಿತ್ರಕ್ಕೂ ಅದೇ ಸ್ವರ, ಏಳು ಸಲವೂ ಅದೇ ತಲೆಯಾಡಿಸುವಿಕೆ.

ಸ್ವರದ ಒಡತಿ ಸತ್ಯಭಾಮಾ. ಕದ್ರಿಯ ಕಡೆಯ ಅರ್ಚಕರ ಮನೆಯ ಮಗಳು. ಗಂಡ ಹರಿದಾಸರು ಮದ್ರಾಸಿನಲ್ಲಿ ಹೋಟೆಲ್ ಮ್ಯಾನೇಜರ್. ಆ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಸಿನಿಮಾದವರು ತುಳು ಮಾತಾಡುವ ಹೆಂಗಸನ್ನು ಹುಡುಕುತ್ತಿದ್ದರು. ಮನೆಯೊಳಗೆ ಬ್ರಾಹ್ಮಣರ ತುಳು, ಬೀದಿಯಲ್ಲಿ ಊರಿನ ತುಳು, ಎರಡೂ ಆಕೆಯ ನಾಲಿಗೆಯಲ್ಲಿ ಸಲೀಸಾಗಿ ಆಡುತ್ತಿದ್ದವು. ಯಾರ ಮಾತು ಕೇಳಿದರೂ ಹಾಗೆಯೇ ಆಡಿ ತೋರಿಸುವ ಗುಣ ಸಣ್ಣಂದಿನಿಂದಲೂ ಇತ್ತು. ಹರಿದಾಸರು ಒಪ್ಪಿದರು, ಆದರೆ ಹೆಸರು ಎಲ್ಲೂ ಬರಬಾರದು ಎಂಬ ಷರತ್ತು. ತವರಿನ ದೇವಸ್ಥಾನದಲ್ಲಿ ಗೊತ್ತಾದರೆ ಎಂಬ ಹೆದರಿಕೆ. ಅಂತೂ ಒಬ್ಬಳ ಅತ್ತೆ ಹಣೆ ತಿಕ್ಕುತ್ತಿದ್ದರು, ಇನ್ನೊಬ್ಬಳ ಗಂಡ ಹೆಸರು ಅಳಿಸುತ್ತಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ.

ಮೂರನೇ ಚಿತ್ರದ ಹೊತ್ತಿಗೆ ಸತ್ಯಭಾಮಾ ಊರಿಗೆ ಬಂದಾಗ ಆನಿ ಬಾಯಿಯನ್ನು ಹುಡುಕಿಕೊಂಡು ಬಂದರು. ಅಲ್ಲಿಂದ ಇಬ್ಬರೂ ಭಾಮಕ್ಕ, ಆನಿ ಬಾಯಿ ಎಂದು ಕರೆದುಕೊಂಡು ಆತ್ಮೀಯರಾದರು. ಭಾಮಕ್ಕ ಈ ಮನೆಯಲ್ಲಿ ಚಾ ಕುಡಿಯುತ್ತಿದ್ದರು, ತಮ್ಮ ಮನೆಗೆ ಹೋಗಿ ಹೇಳುತ್ತಿರಲಿಲ್ಲ ಅಷ್ಟೆ. ಸಿನಿಮಾಗಳು ನಿಂತುಹೋದವು. ಹೊಸ ತಾಯಂದಿರು ಬಂದರು. ಹರಿದಾಸರು ತೀರಿಕೊಂಡ ಮೇಲೆ ಭಾಮಕ್ಕ ಕದ್ರಿಗೇ ಬಂದು ನೆಲೆಸಿದರು. ಆಮೇಲೆ ಒಂದು ವರ್ಷ ಯಾವುದೋ ಸಂಘದವರಿಗೆ ಆನಿ ಬಾಯಿಯ ನೆನಪಾಗಿ, ಟೌನಿನಲ್ಲಿ ಸನ್ಮಾನ ಇಟ್ಟರು. ಶಾಲು, ಹಣ್ಣಿನ ಬುಟ್ಟಿ, ತಲೆಗೆ ದೊಡ್ಡದಾದ ಪೇಟ. ಮಾತಾಡಿದವರೆಲ್ಲ ಹೊಗಳಿದ್ದು ಸ್ವರವನ್ನು. ಸಭೆಯಲ್ಲಿ ಎರಡನೇ ಸಾಲಿನಲ್ಲಿ ಭಾಮಕ್ಕ ಕೂತಿದ್ದರು. ಆನಿ ಬಾಯಿ ಮೈಕಿನ ಮುಂದೆ ಎಲ್ಲರಿಗೂ ಧನ್ಯವಾದ ಹೇಳಿದರು, ಭಾಮಕ್ಕನ ಹೆಸರು ಹೇಳಲಿಲ್ಲ.

ಮರುದಿನ ಭಾಮಕ್ಕ ಬಂದರು. ನಾನು ಗೋಡೆಯ ಈಚೆ ಬಟ್ಟೆ ಹರವುತ್ತಿದ್ದೆ.

"ಒಂದು ಮಾತು ಹೇಳ್ಬಹುದಿತ್ತಲ್ಲ ಆನಿ ಬಾಯಿ?"

"ಹೆಸರು ಹೇಳ್ಬೇಡಿ ಅಂತ ನೀವೇ ಹೇಳಿದ್ದಲ್ವಾ?"

"ಅದು ಅವ್ರು ಇದ್ದಾಗಿನ ಮಾತು. ಈಗ ನಂಗೆ ಯಾರ ಹೆದರಿಕೆ ಉಂಟು?"

ಆನಿ ಬಾಯಿಗೂ ತಪ್ಪು ತನ್ನದೆಂದು ಗೊತ್ತು. ಗೊತ್ತಿದ್ದದ್ದಕ್ಕೇ ನಾಲಿಗೆ ಜಾರಿತು. "ಬರೀ ಸ್ವರ ಅಲ್ವಾ ಭಾಮಕ್ಕ ನಿಮ್ಮದು. ಸ್ವರಕ್ಕೆ ಎಂತ ಅಷ್ಟು?"

ಭಾಮಕ್ಕ ಚಪ್ಪಲಿ ಮೆಟ್ಟಿಕೊಂಡರು. "ಹಾಗಾದ್ರೆ ಸ್ವರ ಇಲ್ಲದೆ ಒಂದು ದಿನ ಇದ್ದು ನೋಡಿ" ಎಂದು ಗೇಟು ದಾಟಿದರು.

ಕೆಲವು ವರ್ಷಗಳಲ್ಲಿ ಆನಿ ಬಾಯಿಗೆ ಕ್ಯಾನ್ಸರ್ ಎಂದು ತಿಳಿಯಿತು. ಬೀಡಿ ಸೇದಿದವರಲ್ಲ, ಎಲೆಯಡಿಕೆ ಹಾಕಿದವರಲ್ಲ. ಯಾರ ಮಾತಿನಿಂದಲೂ ಯಾರಿಗೂ ರೋಗ ಬರುವುದಿಲ್ಲ, ಅದು ನನಗೂ ಗೊತ್ತು, ನಿಮಗೂ ಗೊತ್ತು. ಆದರೆ ಭಾಮಕ್ಕನಿಗೆ ಅದನ್ನು ಹೇಳುವವರು ಯಾರು? ಆಸ್ಪತ್ರೆಗೂ ಬರಲಿಲ್ಲ, ಮನೆಗೂ ಬರಲಿಲ್ಲ. ಪೇಟೆಯಲ್ಲಿ ನನ್ನನ್ನು ಕಂಡರೆ "ಹೇಗಿದ್ದಾರೆ?" ಎಂದು ಕೇಳಿ ಉತ್ತರ ಮುಗಿಯುವ ಮೊದಲೇ ರಿಕ್ಷಾ ಹತ್ತುತ್ತಿದ್ದರು.

ಇನ್ನು ಮಗ ಇರ್ವಿನ್‌ನ ಸಂಗತಿ. ಇಪ್ಪತ್ತಕ್ಕೆ ಕುವೈತಿಗೆ ಹೋದವನು. ಫೋನು ದುಬಾರಿಯಾಗಿದ್ದ ಆ ಕಾಲದಲ್ಲಿ ಗಲ್ಫಿನ ಮನೆಗಳಲ್ಲೆಲ್ಲ ಮಾತು ಹೋಗುತ್ತಿದ್ದದ್ದು ಕ್ಯಾಸೆಟಿನಲ್ಲಿ. ಆನಿ ಬಾಯಿ ಟೇಪ್ ರೆಕಾರ್ಡರ್ ಮುಂದೆ ಕೂತು ಊರಿನ ಸುದ್ದಿಯನ್ನೆಲ್ಲ ಹೇಳಿ, ಊರಿಗೆ ಬಂದು ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಇರ್ವಿನ್ ಅದನ್ನು ಕೇಳಿ, ಅದೇ ಕ್ಯಾಸೆಟಿನ ಮೇಲೆ ತನ್ನ ಮಾತು ತುಂಬಿ ವಾಪಸು ಕಳಿಸುತ್ತಿದ್ದ. ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ಹೊಸ ಕ್ಯಾಸೆಟ್ ಯಾಕೆ ದಂಡ ಎಂದು. ಪ್ರತಿ ಸಲ ಮಗನ ಮಾತು ಬಂದಾಗ ಅಮ್ಮನ ಮಾತು ಅಳಿಸಿಹೋಗಿರುತ್ತಿತ್ತು. ಮನೆಯಲ್ಲಿ ಈಗ ಉಳಿದಿರುವ ಕ್ಯಾಸೆಟ್‌ಗಳಲ್ಲೆಲ್ಲ ಇರ್ವಿನ್‌ನದೇ ಸ್ವರ, ಬೆಡ್‌ಶೀಟ್ ತರಲಾ, ಟಾರ್ಚ್ ತರಲಾ ಎಂದು. ಅವನೀಗ ಊರಿಗೆ ಮರಳಿದ್ದಾನೆ, ನರ್ಸ್ ಆಗಿರುವ ಹೆಂಡತಿ ಇನ್ನೂ ಅಲ್ಲೇ. ಆಂಡ್ರಿಯಾ ಆ ಕ್ಯಾಸೆಟ್‌ಗಳನ್ನೆಲ್ಲ ಒಂದೊಂದಾಗಿ ಹಾಕಿ ಕೇಳಿ, ಕೊನೆಗೆ ಅಪ್ಪನಿಗೆ, "ಒಂದು ಕೂಡ ಇಡ್ಲಿಕ್ಕೆ ಆಗ್ಲಿಲ್ವಾ ಡ್ಯಾಡಿ?" ಎಂದಳು. ಅವನು ಎದ್ದು ಹಿತ್ತಲಿಗೆ ಹೋದ.

ಹೀಗಿರುವಾಗ ನಿತ್ಯಾನಂದ ಎಂಬ ಸಿನಿಮಾ ಹುಚ್ಚಿನ ಮನುಷ್ಯ ಎಲ್ಲಿಂದಲೋ ಆ ಮೊದಲ ಚಿತ್ರದ ಪ್ರಿಂಟ್ ಪತ್ತೆ ಮಾಡಿ, ಶುಚಿ ಮಾಡಿಸಿ, ಬಲ್ಮಠದ ಒಂದು ಸಭಾಂಗಣದಲ್ಲಿ ತೋರಿಸುತ್ತೇನೆಂದ. ಆಂಡ್ರಿಯಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆನಿ ಬಾಯಿಗೆ ಜ್ವರ ಬಂದ ಹಾಗಾಯಿತು. ಇರ್ವಿನ್‌ಗೆ ಡಬ್ಬಿಂಗಿನ ವಿಷಯ ಗೊತ್ತಿರಲಿಲ್ಲ, ಅವನಿಗೆ ಬುದ್ಧಿ ಬರುವಷ್ಟರಲ್ಲಿ ಆ ಚಿತ್ರಗಳು ಟಾಕೀಸು ಬಿಟ್ಟಿದ್ದವು.

ಕತ್ತಲಲ್ಲಿ ನಾನು ಪರದೆ ನೋಡಲಿಲ್ಲ, ಇವರನ್ನು ನೋಡುತ್ತಿದ್ದೆ. ಮೊದಲ ಮಾತಿಗೇ ಇರ್ವಿನ್ ಬೆಚ್ಚಿ ಅಮ್ಮನ ಕಡೆ ತಿರುಗಿದ. ತನ್ನ ತಾಯಿಯ ಸ್ವರ ಮಗನಿಗೆ ಗೊತ್ತಾಗದೆ ಇರುತ್ತದೆಯೆ? ಆದರೆ ಅವನ ಆಚೆ ಆಂಡ್ರಿಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಮಣೆಯ ಧೂಳು ಒರೆಸುವ ದೃಶ್ಯವನ್ನು ಮೊಬೈಲಿನಲ್ಲಿ ಹಿಡಿದುಕೊಂಡಳು. ಹೊರಗೆ ಬಂದು ಅಜ್ಜಿಯನ್ನು ತಬ್ಬಿ, "ಎಷ್ಟು ಚಂದ ಶಾಮಾಯ್ ನಿನ್ನ ಸ್ವರ" ಎಂದಳು. ಆನಿ ಬಾಯಿ ತಲೆಯಾಡಿಸಿದರು. ಎಂಟನೇ ಸಲ.

ಅಂದಿನಿಂದ ಆ ಹುಡುಗಿಯ ಮೊಬೈಲ್ ರಿಂಗಾದರೆ "ಬಲ ಮಗಾ, ಒಣಸ್ ಮಲ್ಪುಗ". ಬೆಳಿಗ್ಗೆ ಅಲಾರಂ ಕೂಡ ಅದೇ. ಗೋಡೆಯ ಈಚೆ ನನಗೇ ಕೇಳುತ್ತಿತ್ತು ಎಂದರೆ, ಆನಿ ಬಾಯಿಯ ಗತಿ ಏನು? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಪ್ರತಿ ಸಲ ಕೇಳಿದಾಗ ಅವರ ಕೈ ಕುತ್ತಿಗೆಯ ಬಟ್ಟೆಗೆ ಹೋಗುತ್ತಿತ್ತು. ಒಂದು ದಿನ ಗೋಡೆಯ ಹತ್ತಿರ ಬಂದು ತುಟಿ ಆಡಿಸಿದರು, "ಹೇಳ್ಬೇಡಿ ಟೀಚರ್. ಅವಳಿಗೆ ಬೇರೆ ಎಂತ ಉಂಟು ನನ್ನದು?" ನಾನು ಒಪ್ಪಿದೆ. ಇರ್ವಿನ್ ಯಾರೂ ಕೇಳದೆಯೇ ಒಪ್ಪಿದ್ದ.

ಅಷ್ಟರಲ್ಲಿ ಪತ್ರಿಕೆಯಲ್ಲಿ ವರದಿ ಬಂತು. ಆನಿ ಬಾಯಿಯ ಫೋಟೊ, ಕೆಳಗೆ "ಮರೆಯಲಾಗದ ಆ ತಾಯಿಯ ಸ್ವರ" ಎಂದು. ಶನಿವಾರ ನನಗೆ ಫೋನ್ ಬಂತು. ಭಾಮಕ್ಕ.

"ಟೀಚರ್, ಪೇಪರ್ ನೋಡಿದೆ. ನಂಗೆ ಎಂಬತ್ತು ದಾಟಿತು. ಇನ್ನು ಎಷ್ಟು ದಿನ ಬಾಯಿ ಮುಚ್ಚಿಕೊಂಡು ಇರುದು? ನಾಳೆ ಬರ್ತೇನೆ. ಆ ಹುಡುಗಿಗೆ ನಾನೇ ಹೇಳ್ತೇನೆ."

"ಭಾಮಕ್ಕ, ಬೇಡ. ಆ ಮಗುವಿಗೆ ಅಜ್ಜಿಯ ಸ್ವರ ಅಂತ ಅದೊಂದೇ ಇರುದು" ಎಂದು ಕ್ಯಾಸೆಟಿನ ಕತೆಯನ್ನೂ ಹೇಳಿದೆ.

"ನಂಗೆ ಮಾತ್ರ ಎಂತ ಉಂಟು?" ಎಂದು ಫೋನ್ ಇಟ್ಟುಬಿಟ್ಟರು. ನ್ಯಾಯ ಕೇಳಿದರೆ ಅವರ ಕಡೆಯೇ ಇತ್ತು.

ಭಾನುವಾರ ಮಧ್ಯಾಹ್ನ ನಾನು ಒಂದು ಡಬ್ಬಿ ತುಂಬ ಬಿರಿಯಾನಿ ಹಿಡಿದುಕೊಂಡು, ಅದೇ ನೆಪ, ಆನಿ ಬಾಯಿಯ ಮನೆಯಲ್ಲಿ ಹೋಗಿ ಕೂತೆ. ಇರ್ವಿನ್ ಹಿತ್ತಲಲ್ಲಿ ಮೀನು ಕ್ಲೀನ್ ಮಾಡುತ್ತಿದ್ದ. ಗೇಟಿನ ಹತ್ತಿರ ರಿಕ್ಷಾ ನಿಂತಿತು. ಆಂಡ್ರಿಯಾ ಬಾಗಿಲು ತೆರೆದಳು. ಕೋಲು ಹಿಡಿದ ಭಾಮಕ್ಕ ಹೊಸ್ತಿಲಲ್ಲಿ ನಿಂತು, ಕುರ್ಚಿಯಲ್ಲಿದ್ದ ಆನಿ ಬಾಯಿಯನ್ನು ನೋಡಿದರು. ಮುಖ, ಆಮೇಲೆ ಕುತ್ತಿಗೆಯ ಬಿಳಿ ಬಟ್ಟೆ. ಅದನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು. ಮಾತಾಡಲೆಂದು ಬಾಯಿ ತೆರೆದರು.

ಆಗಲೇ ಆಂಡ್ರಿಯಾಳ ಮೊಬೈಲ್ ರಿಂಗಾಯಿತು. "ಬಲ ಮಗಾ, ಒಣಸ್ ಮಲ್ಪುಗ."

ಐವತ್ತು ವರ್ಷ ಹಿಂದಿನ ತನ್ನದೇ ಸ್ವರ. ಭಾಮಕ್ಕ ಕೋಲನ್ನು ಗಟ್ಟಿಯಾಗಿ ಹಿಡಿದರು.

"ನನ್ನ ಶಾಮಾಯ್‌ನ ಸ್ವರ ಅಜ್ಜಿ ಇದು. ಹೇಗುಂಟು? ನಾನು ಹುಟ್ಟಿದ ಮೇಲೆ ಇದೇ ಫಸ್ಟ್ ಕೇಳಿದ್ದು ಗೊತ್ತುಂಟಾ?" ಎಂದು ಹುಡುಗಿ ಅವರ ಕೈಹಿಡಿದು ಒಳಗೆ ಕರೆತಂದಳು.

ಭಾಮಕ್ಕ ತೆರೆದ ಬಾಯಿ ಮುಚ್ಚಿದರು. ಚಂದ ಉಂಟು ಎಂದು ಕೈಯಲ್ಲಿ ತೋರಿಸಿದರು. ಕೂತರು. ಚಾ ಕುಡಿಯುತ್ತೀರಾ ಎಂದರೆ ತಲೆಯಾಡಿಸಿದರು. ಸಕ್ಕರೆ ಎಂದರೆ ಬೆರಳಿನಿಂದ ಸ್ವಲ್ಪ ಎಂದು ತೋರಿಸಿದರು. ಎಲ್ಲಿಂದ ಬಂದಿರಿ ಎಂದರೆ ಕದ್ರಿಯ ಕಡೆಗೆ ಕೈ ಮಾಡಿದರು. ಎಲ್ಲಿ ಒಂದು ಅಕ್ಷರ ಹೊರಬಿದ್ದರೂ ಹುಡುಗಿ ಗುರುತು ಹಿಡಿಯುತ್ತಾಳೆಂಬುದು ನನಗೆ ಆಗ ಹೊಳೆಯಿತು. ಆಂಡ್ರಿಯಾ ನನ್ನ ಕಿವಿಯಲ್ಲಿ, "ಪಾಪ ಟೀಚರ್, ಇವರಿಗೂ ಮಾತಾಡ್ಲಿಕ್ಕೆ ಆಗುದಿಲ್ವಾ?" ಎಂದಳು. ನ್ಯಾಯ ಕೇಳಲು ಬಂದ ಹೆಂಗಸು ಮೂಕಿಯ ಪಾತ್ರ ಮಾಡುತ್ತಾ ಕೂತಿದ್ದಳು.

ಆನಿ ಬಾಯಿ ಎಲ್ಲವನ್ನೂ ನೋಡುತ್ತಿದ್ದರು. ನಟನೆ ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವಲ್ಪ ಹೊತ್ತು ಸಹಿಸಿದರು. ಆಮೇಲೆ ಎದ್ದು, ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ಭಾಮಕ್ಕನ ಮುಂದೆ ಇಟ್ಟರು. ಸೆರಗಿನಿಂದ ಅದರ ಧೂಳು ಒರೆಸಿದರು. ಚಿತ್ರದಲ್ಲಿ ಒರೆಸಿದ ಹಾಗೆಯೇ, ಮೊದಲು ಅಂಚು, ಆಮೇಲೆ ನಡು. ಮುಖ ಎತ್ತಿದರು. ಪೌಡರ್ ಬೇಕಿಲ್ಲದ ಬಿಳಿ ಕೂದಲು, ಪೆನ್ಸಿಲ್ ಬೇಕಿಲ್ಲದ ಸುಕ್ಕು. ತುಟಿ ಆಡಿತು. ಬಲ ಮಗಾ. ಸದ್ದಿಲ್ಲ. ಭಾಮಕ್ಕನ ಕಡೆ ನೋಡಿ ಕಾದರು.

ಭಾಮಕ್ಕ ಬೇಡ ಎಂದು ತಲೆ ಅಲ್ಲಾಡಿಸಿದರು.

ಆನಿ ಬಾಯಿ ಮತ್ತೆ ಮಾಡಿದರು. ಅದೇ ಸೆರಗು, ಅದೇ ನೋಟ, ಅದೇ ತುಟಿ. ಭಾಮಕ್ಕನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ಬಿಗಿದಿತ್ತು. ಆನಿ ಬಾಯಿ ಮುಂದೆ ಬಾಗಿ ಅವರ ಮೊಣಕಾಲನ್ನು ಒಮ್ಮೆ ತಟ್ಟಿದರು, ಹೇಳಿ ಎಂಬ ಹಾಗೆ, ಮತ್ತೆ ತುಟಿ ತೆರೆದರು.

"ಬಲ ಮಗಾ, ಒಣಸ್ ಮಲ್ಪುಗ."

ಮುಪ್ಪಿನಿಂದ ನಡುಗುತ್ತಿತ್ತು, ಆದರೆ ಅದೇ ಸ್ವರ. ಆನಿ ಬಾಯಿಯ ತುಟಿಯಿಂದ ಒಂದು ಕೂದಲೆಳೆಯೂ ಆಚೀಚೆ ಆಗಲಿಲ್ಲ.

ಆಂಡ್ರಿಯಾ ಅಜ್ಜಿಯನ್ನು ನೋಡಿದಳು, ಭಾಮಕ್ಕನನ್ನು ನೋಡಿದಳು. ಕೈಯಲ್ಲಿದ್ದ ಮೊಬೈಲನ್ನು ಮೇಜಿನ ಮೇಲೆ ಇಟ್ಟಳು. "ಇದು ನಿಮ್ಮ ಸ್ವರವಾ?"

ಆನಿ ಬಾಯಿ ಹೌದೆಂದು ತಲೆಯಾಡಿಸಿದರು. ಈ ಸಲದ್ದು ಸತ್ಯ. ಭಾಮಕ್ಕನ ಕಡೆ ಬೆರಳು ತೋರಿಸಿ, ಏಳೂ ಚಿತ್ರ ಎಂದು ಬೆರಳೆಣಿಸಿ ಹೇಳಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡರು.

"ಹಾಗಾದ್ರೆ ಶಾಮಾಯ್‌ನದ್ದು?" ಹುಡುಗಿಯ ಮಾತು ಒಡೆಯಿತು. "ಶಾಮಾಯ್‌ನದ್ದು ಎಲ್ಲೂ ಇಲ್ವಾ?"

ಹಿತ್ತಲಲ್ಲಿ ನಲ್ಲಿಯ ನೀರು ಬೀಳುವುದು ಕೇಳುತ್ತಿತ್ತು. ಈ ಹೊತ್ತಿಗಾಗಿಯೇ ನಾವೆಲ್ಲ ಹೆದರಿದ್ದೆವು.

"ಬಾ ಇಲ್ಲಿ ಮಗಾ" ಎಂದರು ಭಾಮಕ್ಕ. "ಡಬ್ಬಿಂಗ್ ಹೇಗೆ ಮಾಡುದು ಗೊತ್ತುಂಟಾ? ಶೂಟಿಂಗ್ ಮಾಡುವಾಗ ನಿನ್ನ ಅಜ್ಜಿ ಮಾತಾಡಿದ್ದನ್ನು ಟೇಪಲ್ಲಿ ಹಿಡಿದಿರ್ತಿದ್ರು. ಅದನ್ನು ನನ್ನ ಕಿವಿಗೆ ಹಾಕ್ತಿದ್ರು. ಒಂದೊಂದು ಮಾತನ್ನೂ ತಿರುಗಿ ತಿರುಗಿ ಕೇಳ್ಬೇಕು. ಅವ್ರು ಎಲ್ಲಿ ಉಸಿರು ತೆಗೀತಾರೆ ಅಲ್ಲೇ ನಾನೂ ತೆಗೀಬೇಕು. ಇಲ್ಲದಿದ್ರೆ ತುಟಿಗೆ ಕೂರುದಿಲ್ಲ. ಮತ್ತೆ ಆ ಟೇಪನ್ನು ಅಳಿಸಿ ಬೇರೆ ಕೆಲಸಕ್ಕೆ ತಕ್ಕೊಳ್ತಿದ್ರು. ನಿನ್ನ ಅಜ್ಜಿಯ ಸ್ವರವನ್ನು ನನ್ನಷ್ಟು ಕೇಳಿದವ್ರು ಯಾರೂ ಇಲ್ಲ. ಕೇಳಿ ಕೇಳಿಯೇ ಅಳಿಸಿದ್ದು ನಾನು." ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಶಾಟ್ ಮುಗಿದ ಮೇಲೂ ಟೇಪ್ ಸ್ವಲ್ಪ ಓಡ್ತಿತ್ತು. ಆಗ ಅವ್ರು ಒಂದು ಮಾತು ಹೇಳ್ತಿದ್ರು. ಪ್ರತಿ ಸಲ. ನಂಗೆ ಅದರ ಅರ್ಥ ಗೊತ್ತಿರ್ಲಿಲ್ಲ."

ಭಾಮಕ್ಕ ಕಣ್ಣು ಮುಚ್ಚಿದರು. ಗಂಟಲನ್ನು ಕೆಳಗೆ ಇಳಿಸಿದರು. ದಪ್ಪ ಸ್ವರ, ಸ್ವಲ್ಪ ಒರಟು, ಕೊನೆ ಮೇಲಕ್ಕೆ.

"ದೆವಾ ಮ್ಹಜ್ಯಾ, ಪುರೊ ಜಾಲೆಂ."

ಆನಿ ಬಾಯಿ ಮುಖದಿಂದ ಕೈ ತೆಗೆದರು.

ಹಿತ್ತಲಲ್ಲಿ ಪಾತ್ರೆ ಉರುಳಿದ ಸದ್ದಾಯಿತು. ಇರ್ವಿನ್ ಓಡಿ ಬಂದು ಅಡುಗೆಕೋಣೆಯ ಬಾಗಿಲಲ್ಲಿ ನಿಂತ. ಕೈಯಿಂದ ಮೀನಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಐವತ್ತೈದರ ಗಂಡಸು, ಶಾಲೆಯಿಂದ ಬಂದ ಹುಡುಗನ ಹಾಗೆ ಅಮ್ಮನ ಮುಖವನ್ನೇ ನೋಡುತ್ತಾ, "ಮಾಂಯ್, ಕರೆದದ್ದಾ?" ಎಂದ.